ಹುಲಿ ಉಂಡು ಬಿಟ್ಟದ್ದು: ಬಂಡೀಪುರದ ರಣಹದ್ದುಗಳ ಪ್ರಕರಣ

ಗುಂಡ್ಲುಪೇಟೆಯಿಂದ ಊಟಿ ರಸ್ತೆ ಹಿಡಿದರೆ ಕಾಡು ಶುರುವಾಗುವ ಮೊದಲು ಸಿಗುವ ಊರುಗಳಲ್ಲಿ ಒಂದು ನನ್ನ ಚಿಕ್ಕಪ್ಪನದು. ಊರಾಚೆ ಬಂಡೆಗಳ ಒಂದು ಸಾಲು, ಅದರ ಬುಡದಲ್ಲಿ ಉಳುಮೆಗೆ ಬಾರದ ತುಂಡು ನೆಲ. ನಾನು ಚಿಕ್ಕವನಿದ್ದಾಗ ಸತ್ತ ದನವನ್ನು ಅಲ್ಲಿಗೆ ಎಳೆದು ಹಾಕುತ್ತಿದ್ದರು. ಚರ್ಮ ಸುಲಿಯುವವರು ಕೆಲಸ ಮುಗಿಸಿ ಹೊರಡುವುದನ್ನೇ ಕಾಯುತ್ತ ರಣಹದ್ದುಗಳು ಕತ್ತು ಕುಗ್ಗಿಸಿಕೊಂಡು ಬಂಡೆಯ ಮೇಲೆ ಕುಳಿತಿರುತ್ತಿದ್ದವು. ಅವು ಇಳಿದವೆಂದರೆ ಕಾಗೆಗೂ ಜಾಗವಿರುತ್ತಿರಲಿಲ್ಲ. “ಬೆಳಿಗ್ಗೆ ಎತ್ತು ಹಾಕಿದರೆ ಸಂಜೆಗೆ ಎಲುಬಿನ ಹಂದರ. ನಾರುವುದಕ್ಕೂ ಪುರುಸೊತ್ತು ಕೊಡುತ್ತಿರಲಿಲ್ಲ” ಎಂದು ಚಿಕ್ಕಪ್ಪ ಈಗಲೂ ಹೇಳುತ್ತಾರೆ. ಒಣಗಿದ ಎಲುಬನ್ನು ಆರಿಸಿ ಮಾರಿಕೊಳ್ಳುವವರು ಆಮೇಲೆ ಬರುತ್ತಿದ್ದರು.

ಬಂಡೆಗಳು ಅಲ್ಲೇ ಇವೆ. ಹದ್ದುಗಳು ಬಂದು ಎಷ್ಟೋ ವರ್ಷಗಳಾದವು. ಈಗ ಅಲ್ಲಿ ಏನಾದರೂ ಬಿದ್ದರೆ ನಾಯಿಗಳ ಹಿಂಡು ಸೇರುತ್ತದೆ, ವಾರಗಟ್ಟಲೆ ದುರ್ನಾತ ಹೊಡೆಯುತ್ತದೆ.

ಆದರೆ ಅದೇ ಬಂಡೆಯಿಂದ ದಕ್ಷಿಣಕ್ಕೆ, ಹದ್ದಿನ ರೆಕ್ಕೆಗೆ ಅರ್ಧ ಗಂಟೆಯೂ ಬೇಡದ ದಾರಿಯಲ್ಲಿ, ಮೋಯಾರ್ ನದಿಯ ಕೊರಕಲಿನ ಆಸುಪಾಸಿನಲ್ಲಿ ರಣಹದ್ದುಗಳು ಇಂದಿಗೂ ಗೂಡು ಕಟ್ಟುತ್ತಿವೆ. ಊರಿನಿಂದ ಅಳಿದ ಹಕ್ಕಿ ಪಕ್ಕದ ಕಾಡಿನಲ್ಲಿ ಹೇಗೆ ಉಳಿಯಿತು? ಈ ಬರಹ ಹಿಡಿದಿರುವುದು ಅದೊಂದೇ ಪ್ರಶ್ನೆಯನ್ನು. ಉತ್ತರದ ಅರ್ಧ ಕಾಡಿನ ಒಳಗಿದೆ, ಇನ್ನರ್ಧ ಚಿಕ್ಕಪ್ಪನ ಕೊಟ್ಟಿಗೆಯಲ್ಲಿದೆ.

ಜಾಗ

ಬಂಡೀಪುರ ಮೈಸೂರು ಅರಸರ ಬೇಟೆಗಾಡಾಗಿತ್ತು. 1941ರಲ್ಲಿ ಅದು ವೇಣುಗೋಪಾಲ ವನ್ಯಜೀವಿ ಉದ್ಯಾನವಾಯಿತು. ಹಿಮವದ್ ಗೋಪಾಲಸ್ವಾಮಿ ಬೆಟ್ಟದ ದೇವರ ಹೆಸರು ಅದಕ್ಕೆ ಬಂದದ್ದು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಆರಿಸಿದ ಮೊದಲ ಒಂಬತ್ತು ಕಾಡುಗಳಲ್ಲಿ ಇದೂ ಒಂದು. ಮರುವರ್ಷ ರಾಷ್ಟ್ರೀಯ ಉದ್ಯಾನದ ಪಟ್ಟ ಸಿಕ್ಕಿತು. ಉದ್ಯಾನದ ವಿಸ್ತೀರ್ಣ ಸುಮಾರು 870 ಚದರ ಕಿಲೋಮೀಟರ್. ದಕ್ಷಿಣದ ಗಡಿ ಮೋಯಾರ್. ನದಿ ದಾಟಿದರೆ ತಮಿಳುನಾಡಿನ ಮುದುಮಲೈ, ಅಲ್ಲಿಂದ ಪೂರ್ವಕ್ಕೆ ಸತ್ಯಮಂಗಲ. ಪಶ್ಚಿಮಕ್ಕೆ ಕೇರಳದ ವಯನಾಡು. ವಾಯವ್ಯಕ್ಕೆ ಕಬಿನಿಯ ಹಿನ್ನೀರು, ಅದರಾಚೆ ನಾಗರಹೊಳೆ. ಪೂರ್ವಕ್ಕೆ ಬಿಳಿಗಿರಿರಂಗನ ಬೆಟ್ಟ. ನಕಾಶೆಯಲ್ಲಿ ಇವು ಮೂರು ರಾಜ್ಯ, ಆರು ಹೆಸರು. ಮೇಲಿನಿಂದ ನೋಡುವ ಹಕ್ಕಿಗೆ ಒಂದೇ ಕಾಡು.

ಇಲ್ಲಿ ನಾಲ್ಕು ಜಾತಿಯ ರಣಹದ್ದುಗಳಿವೆ. ಹೆಚ್ಚಿನವು ಬಿಳಿಬೆನ್ನಿನವು, ಹೊಳೆ ಬದಿಯ ಎತ್ತರದ ಹೊಳೆಮತ್ತಿ ಮರಗಳಲ್ಲಿ ಗುಂಪಾಗಿ ಗೂಡು ಕಟ್ಟುತ್ತವೆ. ಉದ್ದ ಕೊಕ್ಕಿನವು ಬಂಡೆಯ ಕಡಿದಾದ ಗೋಡೆಯನ್ನು ಬಯಸುತ್ತವೆ. ಕೆಂಪು ತಲೆಯದು ಒಂಟಿ ಸ್ವಭಾವದ್ದು, ಜೋಡಿಯಾಗಿ ತನ್ನ ಪಾಡಿಗೆ ಇರುತ್ತದೆ. ಇವು ಮೂರೂ ಅಳಿವಿನ ಅಂಚಿಗೆ ಬಂದು ನಿಂತಿವೆ ಎಂದು ಜಾಗತಿಕ ಕೆಂಪು ಪಟ್ಟಿ ಹೇಳುತ್ತದೆ. ನಾಲ್ಕನೆಯದು ಈಜಿಪ್ಟ್ ರಣಹದ್ದು, ಮಾಸಲು ಬಿಳಿ ಮೈ, ಹಳದಿ ಮುಖ, ಇಲ್ಲಿ ತೀರ ಅಪರೂಪ.

ಯಾವ ಜಾತಿಯಾದರೂ ವರ್ಷಕ್ಕೆ ಇಡುವುದು ಸಾಮಾನ್ಯವಾಗಿ ಒಂದು ಮೊಟ್ಟೆ. ಈಜಿಪ್ಟ್ ಹದ್ದೊಂದೇ ಎರಡು ಇಡುವುದುಂಟು. ಮರಿ ಬೆಳೆದು ತಾನೇ ಗೂಡು ಕಟ್ಟಲು ಸುಮಾರು ಐದು ವರ್ಷ ಬೇಕು. ಇಷ್ಟು ನಿಧಾನವಾಗಿ ಸಂಸಾರ ನಡೆಸುವ ಹಕ್ಕಿ ಹೆಚ್ಚು ಸಾವನ್ನು ತಾಳಲಾರದು. ಮುಂದೆ ಹೇಳುವುದಕ್ಕೆಲ್ಲ ಈ ಒಂದು ಸಂಗತಿಯೇ ತಳಪಾಯ.

ನಾಡಿನಲ್ಲಿ ಆದದ್ದು

ರಣಹದ್ದುಗಳು ಸಾಯುತ್ತಿರುವುದು ಮೊದಲು ಲೆಕ್ಕಕ್ಕೆ ಸಿಕ್ಕಿದ್ದೂ ಒಂದು ರಾಷ್ಟ್ರೀಯ ಉದ್ಯಾನದಲ್ಲಿಯೇ. ರಾಜಸ್ಥಾನದ ಭರತಪುರದ ಕೇವಲಾದೇವ್ ಉದ್ಯಾನದಲ್ಲಿ ವಿಭು ಪ್ರಕಾಶ್ ಎಂಬ ಪಕ್ಷಿತಜ್ಞರು 1980ರ ದಶಕದಲ್ಲಿ ಎಣಿಸಿದ್ದ ಗೂಡುಗಳನ್ನು ಹತ್ತು ವರ್ಷಗಳ ನಂತರ ಮತ್ತೆ ಹುಡುಕಿದರು. ಗೂಡುಗಳು ಖಾಲಿಯಾಗುತ್ತಿದ್ದವು. ಬದುಕಿದ್ದ ಹಕ್ಕಿಗಳು ಕತ್ತು ಜೋಲಿಸಿಕೊಂಡು ದಿನಗಟ್ಟಲೆ ಕೊಂಬೆಯ ಮೇಲೆ ಕುಳಿತು ಕೊನೆಗೆ ಬಿದ್ದು ಸಾಯುತ್ತಿದ್ದವು. ಉದ್ಯಾನದ ಬೇಲಿ ಗಟ್ಟಿಯಾಗಿತ್ತು, ಕಾವಲಿತ್ತು, ಬೇಟೆಗಾರರಿರಲಿಲ್ಲ. ಆದರೂ ಹಕ್ಕಿಗಳು ಸತ್ತವು. 1992ರಿಂದ 2007ರ ನಡುವೆ ದೇಶದಲ್ಲಿ ಬಿಳಿಬೆನ್ನಿನ ರಣಹದ್ದುಗಳು ಶೇಕಡ 99.9ರಷ್ಟು ಕುಸಿದವು. ಸಾವಿರಕ್ಕೆ ಒಂದು ಉಳಿಯಿತು.

ಕಾರಣ ಗೊತ್ತಾದದ್ದು ಪಾಕಿಸ್ತಾನದಲ್ಲಿ. ಲಿಂಡ್ಸೆ ಓಕ್ಸ್ ಎಂಬ ಪಶುರೋಗ ತಜ್ಞರು ಮತ್ತು ಸಂಗಡಿಗರು ಸತ್ತ ಹದ್ದುಗಳ ಹೊಟ್ಟೆ ಬಗೆದಾಗ ಒಳಗಿನ ಅಂಗಗಳ ಮೇಲೆಲ್ಲ ಸುಣ್ಣ ಬಳಿದಂತೆ ಯೂರಿಕ್ ಆಮ್ಲದ ಹರಳುಗಳಿದ್ದವು. ಮೂತ್ರಪಿಂಡ ಕೆಟ್ಟಿತ್ತು. ಸೋಂಕಿಗಾಗಿ, ಕೀಟನಾಶಕಕ್ಕಾಗಿ ಹುಡುಕಿ ಏನೂ ಸಿಗದೆ, ದನಗಳಿಗೆ ಕೊಡುವ ಔಷಧಿಗಳತ್ತ ತಿರುಗಿದಾಗ ಸಿಕ್ಕಿದ್ದು ಡೈಕ್ಲೋಫೆನಾಕ್. ನಮಗೂ ನಿಮಗೂ ಮಂಡಿನೋವಿಗೆ ಕೊಡುತ್ತಾರಲ್ಲ, ಅದೇ ನೋವುನಿವಾರಕ. ಈ ಅಧ್ಯಯನ 2004ರಲ್ಲಿ ಪ್ರಕಟವಾಯಿತು. ಚುಚ್ಚುಮದ್ದು ಪಡೆದ ಹಸು ಒಂದೆರಡು ದಿನದಲ್ಲಿ ಸತ್ತರೆ ಅದರ ಮಾಂಸದಲ್ಲಿ ಔಷಧಿ ಉಳಿದಿರುತ್ತದೆ. ಅದನ್ನು ತಿಂದ ಹದ್ದು ಕೆಲವೇ ದಿನಗಳಲ್ಲಿ ಸಾಯುತ್ತದೆ.

ಇಲ್ಲಿ ಒಂದು ಲೆಕ್ಕವನ್ನು ಬಿಡಿಸಿ ಹೇಳಬೇಕು. ಅದು ಅರ್ಥವಾಗದಿದ್ದರೆ ಬಂಡೀಪುರದ ಪ್ರಕರಣವೂ ಅರ್ಥವಾಗುವುದಿಲ್ಲ. ದೇಶದಲ್ಲಿ ಕಂಡ ಅಷ್ಟು ದೊಡ್ಡ ಕುಸಿತಕ್ಕೆ ಎಷ್ಟು ಕಳೇಬರಗಳಲ್ಲಿ ಈ ಔಷಧಿ ಇದ್ದಿರಬೇಕು ಎಂದು ವಿಜ್ಞಾನಿಗಳು ಗುಣಿಸಿದರು. ಉತ್ತರ: ನೂರಕ್ಕೆ ಒಂದಕ್ಕಿಂತಲೂ ಕಡಿಮೆ. ನಂಬಲು ಕಷ್ಟ, ಆದರೆ ಯೋಚಿಸಿ ನೋಡಿ. ರಣಹದ್ದು ಎರಡು ಮೂರು ದಿನಕ್ಕೊಮ್ಮೆ ಹೊಟ್ಟೆ ತುಂಬ ಉಣ್ಣುತ್ತದೆ. ವರ್ಷಕ್ಕೆ ನೂರಕ್ಕೂ ಹೆಚ್ಚು ಊಟ. ನೂರು ಎಲೆಗಳಲ್ಲಿ ಒಂದಕ್ಕೆ ವಿಷ ಬಡಿಸಿದ್ದರೂ ವರ್ಷ ತಿರುಗುವಷ್ಟರಲ್ಲಿ ಅದರ ಮುಂದೆ ಕುಳಿತುಕೊಳ್ಳುವ ಸರದಿ ಹೆಚ್ಚುಕಡಿಮೆ ಬಂದೇ ಬರುತ್ತದೆ. ಮೇಲಾಗಿ ಅವು ಉಣ್ಣುವುದು ಪಂಕ್ತಿಯಲ್ಲಿ. ಒಂದು ಹಸುವಿನ ಸುತ್ತ ಹತ್ತಾರು ಹಕ್ಕಿಗಳು.

ಕಾಡು ಏನು ಮಾಡಿತು

ಈಗ ಅದೇ ಲೆಕ್ಕವನ್ನು ಮೋಯಾರ್ ದಂಡೆಗೆ ತನ್ನಿ. ಇಲ್ಲಿಯ ಹದ್ದಿನ ಎಲೆಯಲ್ಲಿ ಹೆಚ್ಚಾಗಿ ಬೀಳುವುದು ಜಿಂಕೆ, ಕಡವೆ, ಕಾಟಿ, ಒಮ್ಮೊಮ್ಮೆ ಆನೆ. ಇವುಗಳಿಗೆ ಯಾರೂ ಸೂಜಿ ಚುಚ್ಚಿಲ್ಲ. ಊರ ಹದ್ದಿನ ನೂರು ಊಟವೂ ದನದ್ದೇ ಆಗಿದ್ದರೆ, ಕಾಡಿನ ಹದ್ದಿಗೆ ದನ ಸಿಗುವುದು ಆಗೊಮ್ಮೆ ಈಗೊಮ್ಮೆ. ವಿಷದ ಎಲೆ ಸಿಗುವ ಸಂಭವ ಅಷ್ಟರಮಟ್ಟಿಗೆ ತಗ್ಗಿತು. ಇಲ್ಲಿಯ ಹಕ್ಕಿಗಳೇನೂ ಬಲಶಾಲಿಗಳಲ್ಲ, ಅವುಗಳ ಮೂತ್ರಪಿಂಡವೂ ಅಷ್ಟೇ ದುರ್ಬಲ. ಊಟದ ಮನೆ ಬೇರೆಯಾಗಿತ್ತು, ಅಷ್ಟೇ.

ಆ ಊಟದ ಮನೆಯ ಬಾಣಸಿಗ ಹುಲಿ. ರಣಹದ್ದಿನ ಕೊಕ್ಕು ಎಷ್ಟೇ ಚೂಪಾಗಿದ್ದರೂ ಕಾಟಿಯ ತೊಗಲನ್ನು ಹರಿಯುವುದು ಅದಕ್ಕೆ ಸುಲಭವಲ್ಲ. ತಾನಾಗಿ ಸತ್ತ ದೊಡ್ಡ ಪ್ರಾಣಿಯ ಕಣ್ಣು, ನಾಲಿಗೆ, ಗುದದ ಭಾಗದಿಂದ ಶುರುಮಾಡಿ ತೊಗಲು ಕೊಳೆತು ಸಡಿಲವಾಗುವುದನ್ನು ಕಾಯಬೇಕು. ಹುಲಿ ತೊಡೆಯನ್ನು ಸೀಳಿ ತಿಂದು ಹೊಟ್ಟೆ ತುಂಬಿಸಿಕೊಂಡು ನೀರಿಗೆ ಹೋದಾಗ ಹದ್ದಿಗೆ ಬಾಗಿಲು ತೆರೆದಿರುತ್ತದೆ. ಆದರೆ ಹುಲಿ ಜಾಣ. ಬೇಟೆಯನ್ನು ಪೊದೆಯೊಳಗೆ ಎಳೆದುಕೊಂಡು ಹೋಗುತ್ತದೆ. ನಮ್ಮ ರಣಹದ್ದುಗಳು ವಾಸನೆ ಹಿಡಿಯುವ ಜಾತಿಯಲ್ಲ, ಕಣ್ಣಿನಿಂದಲೇ ಹುಡುಕಬೇಕು. ಆಗ ನೆರವಿಗೆ ಬರುವುದು ಸೀಳುನಾಯಿಗಳು. ಅವು ಹಗಲಿನಲ್ಲಿ ಬಯಲಿನಲ್ಲೇ ಜಿಂಕೆಯನ್ನು ಕೆಡವಿ ಅವಸರದಲ್ಲಿ ತಿಂದು ಹೊರಡುತ್ತವೆ. ಮೊದಲು ಕಾಗೆ, ಆಮೇಲೆ ಮರದ ಮೇಲೆ ಒಂದು ಕೆಂಪು ತಲೆ, ಅದು ಇಳಿದದ್ದನ್ನು ಎಲ್ಲೋ ಎತ್ತರದಲ್ಲಿ ಸುತ್ತುತ್ತಿದ್ದ ಬಿಳಿಬೆನ್ನು ಕಂಡು, ಅದು ಬಾಗಿದ್ದನ್ನು ಇನ್ನೊಂದು ಕಂಡು, ಹೀಗೆ ಆಕಾಶದಲ್ಲಿ ಸುದ್ದಿ ಹರಡುತ್ತದೆ. ಇಂಥ ಒಂದು ಊಟವನ್ನು ನಾನು ಒಮ್ಮೆ ದೂರದಿಂದ ನೋಡಿದ್ದೇನೆ. ಇಪ್ಪತ್ತು ನಿಮಿಷ ಹಿಡಿದಿರಬೇಕು. ಉಳಿದದ್ದು ಕೊಂಬು, ಬೆನ್ನುಮೂಳೆ ಮತ್ತು ಚೆಲ್ಲಾಪಿಲ್ಲಿಯಾದ ಗರಿಗಳು.

ಹಾಗಾಗಿ ಬಂಡೀಪುರದಲ್ಲಿ ರಣಹದ್ದನ್ನು ಉಳಿಸಿದ್ದು ರಣಹದ್ದಿಗಾಗಿ ಮಾಡಿದ ಯಾವ ಯೋಜನೆಯೂ ಅಲ್ಲ ಎಂಬುದು ನನ್ನ ತೀರ್ಮಾನ. 1973ರಿಂದ ಹುಲಿಗಾಗಿ ಮಾಡಿದ್ದು, ಅಂದರೆ ಕಳ್ಳಬೇಟೆ ತಡೆಯುವ ಶಿಬಿರಗಳು, ಬೆಳಗ್ಗೆ ಸಂಜೆಯ ಗಸ್ತು, ಕಾಡಿನೊಳಗೆ ದನ ಮೇಯಿಸುವುದಕ್ಕೆ ತಡೆ, 2009ರಿಂದ ಹೆದ್ದಾರಿಯಲ್ಲಿ ರಾತ್ರಿ 9ರಿಂದ ಬೆಳಿಗ್ಗೆ 6ರವರೆಗೆ ವಾಹನ ಸಂಚಾರ ನಿಷೇಧ, ಇವೆಲ್ಲ ಸೇರಿ ಜಿಂಕೆ, ಕಾಟಿಗಳನ್ನು ಉಳಿಸಿದವು. ಅವು ಹುಲಿಯನ್ನು ಸಾಕಿದವು. ಹುಲಿ ಉಂಡು ಬಿಟ್ಟದ್ದು ಹದ್ದನ್ನು ಸಾಕಿತು. ಕಾಡನ್ನು ಕಾಡಾಗಿ ಬಿಡುವುದರ ಬೆಲೆ ಏನೆಂದು ಯಾರಾದರೂ ಕೇಳಿದರೆ ನಾನು ತೋರಿಸುವುದು ಈ ಸರಪಣಿಯನ್ನು.

ಇದಕ್ಕೆ ಎದುರು ಉದಾಹರಣೆಯೂ ನಮ್ಮಲ್ಲೇ ಇದೆ. ರಾಮನಗರದ ರಾಮದೇವರಬೆಟ್ಟವನ್ನು 2012ರಲ್ಲಿ ರಣಹದ್ದುಗಳಿಗಾಗಿಯೇ ಧಾಮವೆಂದು ಘೋಷಿಸಿದರು. ಸುಮಾರು 346 ಹೆಕ್ಟೇರ್. ಗೂಡಿಗೆ ಬೇಕಾದ ಬಂಡೆಗೋಡೆ ಅಲ್ಲಿ ಬೇಕಾದಷ್ಟಿದೆ, ಕಾವಲೂ ಇದೆ. ಆದರೆ ಊಟಕ್ಕೆ ಹಕ್ಕಿ ಧಾಮದ ಹೊರಗೆ ಊರೂರು ಸುತ್ತಬೇಕು. ಅಲ್ಲಿ ಉಳಿದಿರುವ ಹದ್ದುಗಳು ಬೆರಳೆಣಿಕೆಯಷ್ಟು. ಮಲಗುವ ಕೋಣೆಗೆ ಬೀಗ ಹಾಕಿ ಅಡುಗೆಮನೆಯನ್ನು ಮರೆತಂತೆ ಆಯಿತು. ಆ ಬೆಟ್ಟಕ್ಕಾಗಿ ದುಡಿದವರ ಶ್ರಮವನ್ನು ಕಡಿಮೆ ಮಾಡಿ ಹೇಳುತ್ತಿಲ್ಲ. ಅವರಿಲ್ಲದಿದ್ದರೆ ಅಷ್ಟೂ ಉಳಿಯುತ್ತಿರಲಿಲ್ಲ.

ಕೊಟ್ಟಿಗೆಯಿಂದ ಬರುವ ಕೇಡು

ಆದರೆ ರಣಹದ್ದಿಗೆ ಉದ್ಯಾನದ ಗಡಿಕಲ್ಲು ಕಾಣುವುದಿಲ್ಲ. ಬಿಸಿಲೇರಿದ ಮೇಲೆ ಕಾದ ಗಾಳಿಯನ್ನು ಹಿಡಿದು ಮೇಲೇರಿದರೆ ರೆಕ್ಕೆ ಬಡಿಯದೆ ಹತ್ತಾರು ಕಿಲೋಮೀಟರ್ ಸಾಗುತ್ತದೆ. ಅಷ್ಟರಲ್ಲಿ ಗುಂಡ್ಲುಪೇಟೆ ತಾಲ್ಲೂಕಿನ ಅರ್ಧ ಊರುಗಳು ಅದರ ಕಣ್ಣ ಕೆಳಗೆ ಹಾದುಹೋಗಿರುತ್ತವೆ.

ಆ ಊರುಗಳ ದನಗಳ ಕಥೆ ವಿಚಿತ್ರವಾದದ್ದು. 1990ರ ದಶಕದಲ್ಲಿ ಕಾಫಿಗೆ ಬೆಲೆ ಬಂದಾಗ ವಯನಾಡಿನ ಕಡೆಯ ತೋಟಗಳು ಸಗಣಿ ಗೊಬ್ಬರಕ್ಕಾಗಿ ಗಡಿ ದಾಟಿ ಬಂದವು. ಹೊಲಕ್ಕೆ ಹೋಗುತ್ತಿದ್ದ ಗೊಬ್ಬರ ಲಾರಿ ಹತ್ತಿತು. ಸಗಣಿಗಾಗಿಯೇ ನಾಟಿ ದನ ಕಟ್ಟುವವರು ಹೆಚ್ಚಾದರು, ಆ ದನಗಳು ಬಂಡೀಪುರದ ಅಂಚನ್ನು ಮೇಯ್ದವು. ಎಂ.ಡಿ. ಮಧುಸೂದನ್ ಎಂಬ ಪರಿಸರ ವಿಜ್ಞಾನಿ ಇದನ್ನು ಅಧ್ಯಯನ ಮಾಡಿ 2005ರಲ್ಲಿ ಬರೆದಿದ್ದಾರೆ. ದೂರದ ಕಾಫಿ ಮಾರುಕಟ್ಟೆ ಏರಿದರೆ ಬಂಡೀಪುರದಲ್ಲಿ ಹುಲ್ಲು ಇಳಿಯುತ್ತದೆ ಎಂದು ತೋರಿಸಿದ ಕೆಲಸ ಅದು. ಕಾಡಿಗೆ ಅದರಿಂದ ನಷ್ಟವಾಯಿತು, ನಿಜ. ಆದರೆ ಬಯಲಿನಲ್ಲಿ ಮೇಯ್ದು ದೊಡ್ಡಿಯಲ್ಲಿ ಮಲಗುವ ಆ ನಾಟಿ ದನಕ್ಕೆ ಜ್ವರ ಬಂದರೆ ಬೇವು, ಅರಿಶಿನ, ಹೆಚ್ಚೆಂದರೆ ಬರೆ. ದುಬಾರಿ ಚುಚ್ಚುಮದ್ದು ಹಾಕಿಸುವವರು ಕಡಿಮೆ. ಅದು ಸತ್ತರೆ ಹದ್ದಿಗೆ ಹೆಚ್ಚಿನ ಅಪಾಯವಿರಲಿಲ್ಲ ಎಂದು ನಾನು ಊಹಿಸುತ್ತೇನೆ.

ಈಗ ಕೊಟ್ಟಿಗೆಯಲ್ಲಿ ಇರುವುದು ಮಿಶ್ರತಳಿ ಹಸು. ಡೇರಿಗೆ ಎರಡು ಹೊತ್ತು ಹಾಲು ಹಾಕಬೇಕು. ಹಸು ಒಂದು ದಿನ ಮೇವು ಬಿಟ್ಟರೆ ಮನೆಯ ಲೆಕ್ಕವೇ ತಪ್ಪುತ್ತದೆ. ಕೆಚ್ಚಲುಬಾವು ಬಂದರೆ, ಜ್ವರ ಏರಿದರೆ, ಕಾಲು ಊದಿದರೆ, ಮೊದಲು ಬೇಕಾಗುವುದು ನೋವುನಿವಾರಕ. ಹಸುವಿನ ಬೆಲೆ ಎಷ್ಟು ಸಾವಿರ ಎಂದು ಗೊತ್ತಿರುವ ಯಾರೂ ಚಿಕ್ಕಪ್ಪನನ್ನು ದೂರಲಾರರು. ನಾನಂತೂ ದೂರುವುದಿಲ್ಲ.

ಕಾನೂನು ತನ್ನ ಕೆಲಸವನ್ನು ನಿಧಾನವಾಗಿಯಾದರೂ ಮಾಡಿದೆ. 2006ರಲ್ಲಿ ಪಶುಗಳಿಗಾಗಿ ಡೈಕ್ಲೋಫೆನಾಕ್ ತಯಾರಿಸುವುದನ್ನು ಕೇಂದ್ರ ಸರ್ಕಾರ ನಿಲ್ಲಿಸಿತು. ಹದ್ದಿಗೆ ಕೇಡು ಮಾಡದ ಮೆಲಾಕ್ಸಿಕಾಮ್ ಪರ್ಯಾಯವಾಗಿ ಬಂತು. ಆದರೆ ಮನುಷ್ಯರಿಗೆಂದು ಬರುತ್ತಿದ್ದ ದೊಡ್ಡ ಸೀಸೆಗಳು ಅಂಗಡಿಯಲ್ಲಿ ಉಳಿದಿದ್ದವು. ಅವು ಕೊಟ್ಟಿಗೆಗೆ ಹೋಗುತ್ತಿದ್ದವು. 2015ರಲ್ಲಿ ಆ ದೊಡ್ಡ ಸೀಸೆಗಳಿಗೆ ನಿಷೇಧ ಬಂತು, ಮನುಷ್ಯರ ಚುಚ್ಚುಮದ್ದು ಒಂದು ಸಲಕ್ಕೆ ಸಾಲುವ 3 ಮಿಲಿಲೀಟರ್ ಸೀಸೆಯಲ್ಲಿ ಮಾತ್ರ ಬರಬೇಕೆಂದಾಯಿತು. ಇದು ಜಾಣ ನಡೆ. ನಾಲ್ಕು ಕ್ವಿಂಟಾಲ್ ತೂಕದ ಹಸುವಿಗೆ ಅಂಥ ಐದಾರು ಪುಟ್ಟ ಸೀಸೆಗಳನ್ನಾದರೂ ಒಡೆಯಬೇಕು. ಖರ್ಚೂ ಹೆಚ್ಚು, ರಗಳೆಯೂ ಹೆಚ್ಚು. ಔಷಧ ತಯಾರಕರು ಮದ್ರಾಸ್ ಹೈಕೋರ್ಟಿಗೆ ಹೋದರು. 2017ರಲ್ಲಿ ನ್ಯಾಯಾಲಯ ನಿಷೇಧವನ್ನು ಎತ್ತಿಹಿಡಿಯಿತು. ಅಷ್ಟರಲ್ಲಿ ಡೈಕ್ಲೋಫೆನಾಕ್ ಬಿಟ್ಟ ಜಾಗಕ್ಕೆ ಅದರ ದಾಯಾದಿಗಳು ಬಂದು ಕುಳಿತಿದ್ದವು. ಕೀಟೊಪ್ರೊಫೆನ್ ಕೂಡ ಹದ್ದನ್ನು ಕೊಲ್ಲುತ್ತದೆ. ಅಸಿಕ್ಲೋಫೆನಾಕ್ ಅಂತೂ ಹಸುವಿನ ಮೈಯೊಳಗೆ ಡೈಕ್ಲೋಫೆನಾಕ್ ಆಗಿಯೇ ಮಾರ್ಪಡುತ್ತದೆ. ಈ ಎರಡನ್ನೂ ಪಶುಗಳಿಗೆ ಬಳಸದಂತೆ ತಡೆದದ್ದು 2023ರಲ್ಲಿ. ನಿಮೆಸುಲೈಡ್ ಸರದಿ ಬಂದದ್ದು 2024ರ ಕೊನೆಯಲ್ಲಿ. ಮೊದಲ ನಿಷೇಧದಿಂದ ಇಲ್ಲಿಗೆ 18 ವರ್ಷ. ಒಂದೊಂದು ಔಷಧಿಯನ್ನೂ ಹಕ್ಕಿಗಳು ಸತ್ತ ಮೇಲೆ ಪರೀಕ್ಷಿಸುವ ಬದಲು ಮಾರುಕಟ್ಟೆಗೆ ಬಿಡುವ ಮೊದಲೇ ಪರೀಕ್ಷಿಸಬೇಕೆಂಬ ನಿಯಮ ಇದ್ದಿದ್ದರೆ ಈ 18 ವರ್ಷ ಉಳಿಯುತ್ತಿತ್ತು. ಇದನ್ನು ಬರೆಯುವಾಗ ನನಗೆ ಸಿಟ್ಟು ಬರುತ್ತದೆ.

ಹದ್ದುಗಳಿಲ್ಲದ ಊರಿಗೆ ಆದ ನಷ್ಟವನ್ನೂ ಇಬ್ಬರು ಲೆಕ್ಕ ಹಾಕಿದ್ದಾರೆ. ಇಯಾಲ್ ಫ್ರಾಂಕ್ ಮತ್ತು ಅನಂತ್ ಸುದರ್ಶನ್ ಎಂಬ ಅರ್ಥಶಾಸ್ತ್ರಜ್ಞರು 2024ರಲ್ಲಿ ಪ್ರಕಟಿಸಿದ ಅಂದಾಜಿನಂತೆ, 2000ದಿಂದ 2005ರವರೆಗಿನ ಐದಾರು ವರ್ಷಗಳಲ್ಲಿ ದೇಶದಲ್ಲಿ ಸುಮಾರು ಐದು ಲಕ್ಷ ಹೆಚ್ಚುವರಿ ಸಾವುಗಳಾದವು. ಕೊಳೆತ ಕಳೇಬರ, ಕೆಟ್ಟ ನೀರು, ಬೀದಿನಾಯಿ ಇವುಗಳ ದಾರಿಯಲ್ಲಿ. ಚಿಕ್ಕಪ್ಪನ ಊರಿನ ಬಂಡೆಸಾಲಿನಲ್ಲಿ ನಾಯಿಗಳ ಹಿಂಡನ್ನು ಕಂಡಾಗಲೆಲ್ಲ ಆ ಅಂಕಿ ನೆನಪಾಗುತ್ತದೆ.

ಹಗೆಯ ವಿಷ

ಔಷಧಿ ತಿಳಿಯದೆ ಆಗುವ ಕೇಡು. ಇನ್ನೊಂದು ತಿಳಿದೇ ಮಾಡುವಂಥದ್ದು.

2025ರ ಜೂನ್ ಕೊನೆಯ ವಾರ, ಇದೇ ಚಾಮರಾಜನಗರ ಜಿಲ್ಲೆಯ ಮಲೆ ಮಹದೇಶ್ವರ ವನ್ಯಜೀವಿ ಧಾಮದ ಹೂಗ್ಯಂ ವಲಯದಲ್ಲಿ ಒಂದು ತಾಯಿ ಹುಲಿ ಮತ್ತು ಅದರ ನಾಲ್ಕು ಮರಿಗಳು ಸತ್ತು ಬಿದ್ದಿದ್ದವು. ಹುಲಿ ಕೊಂದ ಹಸುವಿನ ಕಳೇಬರಕ್ಕೆ ವಿಷ ಹಾಕಲಾಗಿತ್ತು. ಹುಲಿ ತನ್ನ ಬೇಟೆಗೆ ಮರಳಿ ಬರುತ್ತದೆ ಎಂದು ಕಾಡಂಚಿನ ಎಲ್ಲರಿಗೂ ಗೊತ್ತು. ಆ ತಿಳಿವಳಿಕೆಯೇ ಇಲ್ಲಿ ಆಯುಧವಾಯಿತು. ಇಂಥ ಕಳೇಬರ ಬಯಲಿನಲ್ಲಿ ಬಿದ್ದಿದ್ದರೆ, ಹುಲಿಗಿಂತ ಮೊದಲು ಆಕಾಶದಿಂದ ಇಳಿದವರಿಗೆ ಏನಾಗುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮೋಯಾರ್ ಕಣಿವೆಯ ಬಿಳಿಬೆನ್ನುಗಳು ಗುಂಪಾಗಿ ಉಣ್ಣುವುದರಿಂದ, ವಿಷ ಹಾಕಿದ ಒಂದೇ ಒಂದು ಹಸು ಒಂದು ಬೆಳಿಗ್ಗೆಯಲ್ಲಿ ಅವುಗಳ ದೊಡ್ಡ ಪಾಲನ್ನು ಮುಗಿಸಿಬಿಡಬಲ್ಲದು. ಈ ಪ್ರಕರಣದಲ್ಲಿ ನನ್ನನ್ನು ಎಲ್ಲಕ್ಕಿಂತ ಹೆಚ್ಚು ಹೆದರಿಸುವುದು ಇದು.

ಹಸು ಕಳೆದುಕೊಂಡವನ ಕಡೆಯಿಂದಲೂ ನೋಡಬೇಕು. ಅವನು ವಲಯ ಕಚೇರಿಗೆ ತಿಳಿಸಬೇಕು, ಪಶುವೈದ್ಯರು ಬರಬೇಕು, ಮಹಜರು ಆಗಬೇಕು, ಕಾಗದ ಮೇಲಕ್ಕೆ ಹೋಗಬೇಕು, ಹಣ ಖಾತೆಗೆ ಬರಬೇಕು. ಈ ದಾರಿಯಲ್ಲಿ ಕಳೆಯುವ ಒಂದೊಂದು ವಾರವೂ ಕಾಡಿನ ಮೇಲಿನ ಹಗೆಯನ್ನು ಬೆಳೆಸುತ್ತದೆ. ಹಸು ಸತ್ತ ದಿನವೇ ಒಬ್ಬ ಗಾರ್ಡ್ ಮನೆ ಬಾಗಿಲಿಗೆ ಬಂದು, ಕೈಗೆ ಒಂದಿಷ್ಟು ಹಣ ಕೊಟ್ಟು, ಉಳಿದದ್ದು ಇಂಥ ದಿನ ಬರುತ್ತದೆ ಎಂದು ಹೇಳಿದರೆ ಆಗುವ ಕೆಲಸವನ್ನು ಎಷ್ಟು ಕಾವಲು ಶಿಬಿರ ಕಟ್ಟಿದರೂ ಮಾಡಲಾಗದು. ರಣಹದ್ದು ಸಂರಕ್ಷಣೆಗೆ ಎತ್ತಿಟ್ಟ ಹಣದಲ್ಲಿ ಮೊದಲ ಪಾಲು ದನದ ಪರಿಹಾರಕ್ಕೆ ಹೋಗಲಿ ಎನ್ನುವವನು ನಾನು.

ಕಾಡಿನೊಳಗೂ ಕೆಲಸ ಬಾಕಿಯಿದೆ. ಬಂಡೀಪುರದ ನೆಲವನ್ನು ಲಂಟಾನ ಎಂಬ ಕಳೆಯ ಪೊದೆ ನುಂಗುತ್ತಿದೆ. ರಣಹದ್ದು ಭಾರದ ಹಕ್ಕಿ. ಇಳಿಯಲು, ಓಡಿ ಮೇಲೇರಲು ಬಯಲು ಬೇಕು. ಪೊದೆಯೊಳಗೆ ಬಿದ್ದ ಕಳೇಬರ ಅದರ ಪಾಲಿಗೆ ಇಲ್ಲದಂತೆಯೇ. ಒಣಗಿದ ಲಂಟಾನ ಬೆಂಕಿಗೂ ಮೇವು. 2019ರ ಫೆಬ್ರವರಿಯಲ್ಲಿ ಬಂಡೀಪುರದಲ್ಲಿ ಸಾವಿರಾರು ಹೆಕ್ಟೇರ್ ಸುಟ್ಟುಹೋಯಿತು. ಅದು ರಣಹದ್ದುಗಳು ಗೂಡಿನಲ್ಲಿ ಮರಿ ಸಾಕುವ ಕಾಲ. ಹೊಳೆ ಬದಿಯ ದೊಡ್ಡ ಮತ್ತಿ ಮರ ಒಂದು ಬಿದ್ದರೆ ಅದರ ಜಾಗಕ್ಕೆ ಇನ್ನೊಂದು ಬೆಳೆಯಲು ನಮ್ಮ ಆಯುಸ್ಸು ಸಾಲದು. ಇನ್ನೊಂದು ಮಾತು: ಕಾಡಿನಲ್ಲಿ ಸತ್ತ ಪ್ರಾಣಿಯನ್ನು ಸುಡುವ, ಹೂಳುವ ಅಭ್ಯಾಸ. ಆಂಥ್ರಾಕ್ಸ್ ಶಂಕೆಯಿದ್ದರೆ, ವಿಷದ ಶಂಕೆಯಿದ್ದರೆ ವಿಲೇವಾರಿ ಮಾಡಲೇಬೇಕು. ಉಳಿದಂತೆ ಸತ್ತ ಆನೆಯನ್ನು, ಕಾಟಿಯನ್ನು ಬಿದ್ದಲ್ಲೇ ಬಿಡುವುದು ಕಾಡಿಗೆ ಸಲ್ಲಬೇಕಾದದ್ದನ್ನು ಸಲ್ಲಿಸಿದಂತೆ.

ಎಣಿಕೆ

ಬೆಳಿಗ್ಗೆ ಬಂಡೀಪುರದಲ್ಲಿ ಕಂಡ ಹದ್ದು ಮಧ್ಯಾಹ್ನ ಮುದುಮಲೈಯಲ್ಲಿರುತ್ತದೆ. ಎರಡು ರಾಜ್ಯಗಳೂ ಅದನ್ನು ತಮ್ಮದೆಂದು ಬರೆದುಕೊಂಡರೆ ಲೆಕ್ಕ ಹುಸಿ. ಅದಕ್ಕಾಗಿ 2023ರ ಫೆಬ್ರವರಿಯಲ್ಲಿ ಕರ್ನಾಟಕ, ತಮಿಳುನಾಡು, ಕೇರಳ ಮೂರೂ ಏಕಕಾಲಕ್ಕೆ ಎಣಿಸಿದವು. ಸಿಕ್ಕಿದ್ದು 246. ಅದೇ ವರ್ಷದ ಡಿಸೆಂಬರ್ ಕೊನೆಯಲ್ಲಿ ಮತ್ತೆ ಎಣಿಸಿದಾಗ 320. ಅದರಲ್ಲಿ ಬಂಡೀಪುರದಲ್ಲಿ 73, ನಾಗರಹೊಳೆಯಲ್ಲಿ 33, ಬಿಳಿಗಿರಿರಂಗನ ಬೆಟ್ಟದಲ್ಲಿ 14. ಮುದುಮಲೈಯಲ್ಲಿ 78, ಸತ್ಯಮಂಗಲದಲ್ಲಿ 70, ವಯನಾಡಿನಲ್ಲಿ 51. ಜಾತಿವಾರು ನೋಡಿದರೆ 217 ಬಿಳಿಬೆನ್ನಿನವು, 50 ಕೆಂಪು ತಲೆಯವು, 47 ಉದ್ದ ಕೊಕ್ಕಿನವು, ಈಜಿಪ್ಟ್ ಹದ್ದು ನಾಲ್ಕೇ ನಾಲ್ಕು. 2025ರ ಎಣಿಕೆ 390 ತೋರಿಸಿತು.

ಈ ಏರಿಕೆಯನ್ನು ಕಂಡು ಹಿಗ್ಗುವ ಮೊದಲು ಒಂದು ಕ್ಷಣ ನಿಲ್ಲಬೇಕು. ವರ್ಷಕ್ಕೆ ಒಂದು ಮೊಟ್ಟೆ ಇಡುವ ಹಕ್ಕಿ ಹತ್ತೇ ತಿಂಗಳಲ್ಲಿ 246ರಿಂದ 320 ಆಗಲಾರದು. ಎಣಿಸುವವರ ಕಣ್ಣು ಪಳಗಿದೆ, ನಿಂತು ನೋಡುವ ಜಾಗಗಳ ಆಯ್ಕೆ ಸುಧಾರಿಸಿದೆ, ಋತು ಬದಲಾಗಿದೆ. ಏರಿಕೆಯ ಬಹುಪಾಲು ಅಲ್ಲಿಂದ ಬಂದಿರಬೇಕು. ಆದರೆ ಒಂದನ್ನು ಈ ಎಣಿಕೆಗಳು ಗಟ್ಟಿಯಾಗಿ ಹೇಳುತ್ತವೆ: ಕುಸಿತ ಕಾಣುತ್ತಿಲ್ಲ. ಮತ್ತೊಂದು, ಬಂಡೀಪುರದ 73ನ್ನು ಮುದುಮಲೈಯ 78ರಿಂದ ಬೇರೆಯಾಗಿ ಕಾಪಾಡುತ್ತೇನೆ ಎಂದು ಯಾವ ರಾಜ್ಯವೂ ಹೇಳುವಂತಿಲ್ಲ. ನದಿಯ ಆ ದಡದ ಔಷಧಿ ಅಂಗಡಿ ಈ ದಡದ ಗೂಡನ್ನು ಖಾಲಿ ಮಾಡಬಲ್ಲದು.

ಹೋದ ವರ್ಷ ಚಿಕ್ಕಪ್ಪನ ಹಸುವಿಗೆ ಕೆಚ್ಚಲುಬಾವು ಬಂತು. ಊರಿನಲ್ಲಿ ಸೂಜಿ ಹಾಕುವ ಒಬ್ಬರು ಬಂದು ಎರಡು ದಿನ ಚುಚ್ಚಿ ಹೋದರು. ಮೂರನೆಯ ದಿನ ಹಸು ಸತ್ತಿತು. ನಾನು ಹೋದಾಗ ಖಾಲಿ ಸೀಸೆ ಕೊಟ್ಟಿಗೆಯ ಗೂಡಿನಲ್ಲಿ ಇನ್ನೂ ಇತ್ತು. ಓದಿದೆ. ಕೀಟೊಪ್ರೊಫೆನ್. ನಿಷೇಧದ ಸುದ್ದಿ ಅಲ್ಲಿಯವರೆಗೆ ಬಂದಿರಲಿಲ್ಲ. ಹಸುವನ್ನು ಜೆಸಿಬಿ ತರಿಸಿ ಹೂಳಿದ್ದರಿಂದ ಯಾವ ಹಕ್ಕಿಗೂ ಅದು ಸಿಗಲಿಲ್ಲ.

ಸೀಸೆಯನ್ನು ಕೈಯಲ್ಲಿಟ್ಟುಕೊಂಡು ಚಿಕ್ಕಪ್ಪನಿಗೆ ಎಲ್ಲವನ್ನೂ ಹೇಳಿದೆ. ಅವರು ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ ಕೇಳಿದರು: “ಹಾಗಾದರೆ ಆ ಬಂಡೆಯ ಹತ್ತಿರ ಬರುತ್ತಿದ್ದವಲ್ಲ, ಅವನ್ನು ಕೊಂದದ್ದು ನಾವೇ ಏನಪ್ಪಾ?”

“ನಿಮಗೆ ಯಾರೂ ಹೇಳಿರಲಿಲ್ಲವಲ್ಲ, ಚಿಕ್ಕಪ್ಪ.”

“ಒಳ್ಳೆಯ ಔಷಧಿಯ ಹೆಸರು ಏನೆಂದೆ?”

ಮೆಲಾಕ್ಸಿಕಾಮ್ ಎಂದು ದೊಡ್ಡ ಅಕ್ಷರದಲ್ಲಿ ಬರೆದುಕೊಟ್ಟೆ. ಕೊಟ್ಟಿಗೆಯ ಕಂಬಕ್ಕೆ ಅವರು ಒಂದು ಕ್ಯಾಲೆಂಡರ್ ತೂಗುಹಾಕಿದ್ದಾರೆ. ದಿನದಿನದ ಹಾಲಿನ ಲೆಕ್ಕ ಅದರಲ್ಲಿರುತ್ತದೆ. ಈ ಸಂಕ್ರಾಂತಿಗೆ ಹೋದಾಗ ನೋಡಿದೆ. ಲೀಟರುಗಳ ಅಂಕಿಗಳ ಪಕ್ಕದಲ್ಲಿ, ಪೆನ್ಸಿಲಿನಲ್ಲಿ, ಯಾವ ದಿನ ಯಾವ ಹಸುವಿಗೆ ಯಾವ ಸೂಜಿ ಎಂದು ಬರೆದಿದ್ದರು.